ಎರಡು ಯುಪಿಎಸ್ ಇದ್ದೂ ಸರ್ವರ್ ನಿಂತದ್ದು ಯಾಕೆ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಹಳೇ ಪೇಟೆ ಭಾಗದಲ್ಲಿ ಒಂದು ಸಹಕಾರಿ ಬ್ಯಾಂಕಿನ ಮುಖ್ಯ ಕಚೇರಿ ಇದೆ. ಹೆಸರು ಇಲ್ಲಿ ಬೇಡ. ಕೆಳಗೆ ಕೌಂಟರ್, ಮೊದಲ ಮಹಡಿಯಲ್ಲಿ ಸರ್ವರ್ ರೂಮ್. ಐದು ರ‍್ಯಾಕ್ ಅಷ್ಟೇ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಶಾಖೆಗಳ ಲೆಕ್ಕವೆಲ್ಲ ಇಲ್ಲಿಂದಲೇ ನಡೆಯುತ್ತದೆ. ದೊಡ್ಡ ಡೇಟಾ ಸೆಂಟರ್‌ಗಳ ಮುಂದೆ ಇದು ತೀರಾ ಚಿಕ್ಕದು. ಆದರೆ ಅಡಿಕೆ ಮಾರಿದ ದುಡ್ಡು ಖಾತೆಗೆ ಬಂತಾ ಅಂತ ಕೇಳಲು ಚನ್ನಗಿರಿ ಶಾಖೆಗೆ ಬರುವ ರೈತನಿಗೆ ಇದು ನಿಂತರೆ ಬ್ಯಾಂಕೇ ನಿಂತ ಹಾಗೆ.

ಕರೆಂಟ್ ಹೋದರೆ ಏನು ಎಂಬುದಕ್ಕೆ ಬ್ಯಾಂಕಿನವರು ಚೆನ್ನಾಗಿಯೇ ಖರ್ಚು ಮಾಡಿದ್ದರು. ತಲಾ 20 ಕೆವಿಎ ಸಾಮರ್ಥ್ಯದ ಎರಡು ಆನ್‌ಲೈನ್ ಯುಪಿಎಸ್. ಪ್ರತಿಯೊಂದಕ್ಕೂ 12 ವೋಲ್ಟಿನ 20 ಬ್ಯಾಟರಿ. ಹಿತ್ತಲಲ್ಲಿ 62.5 ಕೆವಿಎ ಡೀಸೆಲ್ ಜನರೇಟರ್, ಕರೆಂಟ್ ಹೋದ ಕೂಡಲೇ ಅದನ್ನು ತಾನಾಗಿ ಚಾಲೂ ಮಾಡುವ ಪ್ಯಾನೆಲ್. ಅಳೆದು ನೋಡಿದರೆ ಸರ್ವರ್, ಸ್ವಿಚ್ ಎಲ್ಲ ಸೇರಿ ಎಳೆಯುತ್ತಿದ್ದದ್ದು 9.2 ಕಿಲೋವ್ಯಾಟ್ ಮಾತ್ರ. ಒಂದು ಯುಪಿಎಸ್ ಒಂದೇ ಇಡೀ ರೂಮನ್ನು ಆರಾಮವಾಗಿ ಹೊರುತ್ತಿತ್ತು. ಆದರೂ ಏಪ್ರಿಲ್‌ನ ಒಂದು ಸಂಜೆ ಎಲ್ಲವೂ ನಿಂತಿತು. ಕಾರಣ ಹುಡುಕಿ ಸರಿಪಡಿಸಲು ಹೋದದ್ದು ನಾವು.

ಆ ಸಂಜೆ ಆದದ್ದು

ಬಿರುಗಾಳಿ, ಗುಡುಗು, ಮಳೆ. ಬ್ಯಾಂಕ್ ಬಾಗಿಲು ಹಾಕಿ ಸಿಬ್ಬಂದಿ ಮನೆಗೆ ಹೋಗಿದ್ದರು. ದಿನದ ಲೆಕ್ಕ ಮುಗಿಸುವ ಕೆಲಸ ಸರ್ವರ್‌ನಲ್ಲಿ ಓಡುತ್ತಿತ್ತು. ಕರೆಂಟ್ ಒಂದೇ ಸಲ ಹೋಗಲಿಲ್ಲ. ಹೋಗುವುದು, ಬರುವುದು, ಮತ್ತೆ ಹೋಗುವುದು. ಕೆಲವು ನಿಮಿಷ ಹೀಗೇ ಆಗಿ 6:42ಕ್ಕೆ ಪೂರ್ತಿ ಹೋಯಿತು. ಈ ಹೊತ್ತುಗಳೆಲ್ಲ ಯುಪಿಎಸ್ ತನ್ನೊಳಗೆ ಬರೆದಿಟ್ಟುಕೊಂಡ ದಾಖಲೆಯಿಂದ ಸಿಕ್ಕವು. ಇಂಥ ಪ್ರಕರಣದಲ್ಲಿ ಮೊದಲು ಓದಬೇಕಾದದ್ದು ಅದನ್ನೇ.

6:49ಕ್ಕೆ ಒಂದನೇ ಯುಪಿಎಸ್ ಕೈಬಿಟ್ಟಿತು. ಒಂದು ಗಂಟೆಗಿಂತ ಜಾಸ್ತಿ ಬರಬೇಕಾದ ಬ್ಯಾಟರಿ ಏಳೇ ನಿಮಿಷಕ್ಕೆ ಮುಗಿದಿತ್ತು. ಎಲ್ಲ ಭಾರ ಎರಡನೇ ಯುಪಿಎಸ್ ಮೇಲೆ ಬಿತ್ತು. ಅದು 7:38ರವರೆಗೆ ಎಳೆಯಿತು. ಆಮೇಲೆ ರೂಮ್ ಪೂರ್ತಿ ಕತ್ತಲು.

ಈ ಇಡೀ ಹೊತ್ತು ಹಿತ್ತಲಲ್ಲಿ ಜನರೇಟರ್ ಓಡುತ್ತಲೇ ಇತ್ತು! "ಸರ್, ಜನರೇಟರ್ ಚಾಲೂ ಆತು. ನಾನೇ ನಿಂತು ನೋಡೀನಿ" ಅಂತ ವಾಚ್‌ಮನ್ ಹೇಳಿದ್ದು ಸುಳ್ಳಲ್ಲ. ಅವರ ಕೋಣೆಯ ದೀಪ ಇನ್ವರ್ಟರ್ ಮೇಲಿತ್ತು. ಕಚೇರಿ ದೀಪಗಳನ್ನು ಮೊದಲೇ ಆರಿಸಿದ್ದರು. ಯುಪಿಎಸ್ ಕಿರುಚುತ್ತಿದ್ದದ್ದು ಬೀಗ ಹಾಕಿದ ಮೇಲಿನ ರೂಮಿನಲ್ಲಿ. ಮಳೆ ಸದ್ದು, ಇಂಜಿನ್ ಸದ್ದು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ದಿನದ ಲೆಕ್ಕ ಅರ್ಧಕ್ಕೆ ಮುರಿದಿತ್ತು. ರಾತ್ರಿಯಿಡೀ ಡೇಟಾಬೇಸ್ ಸರಿಪಡಿಸಿದರೂ ಮರುದಿನ ಮಧ್ಯಾಹ್ನದವರೆಗೆ ಯಾವ ಶಾಖೆಯಲ್ಲೂ ಹಣ ಕೊಡಲು ಆಗಲಿಲ್ಲ. ಡೇಟಾ ಕಳೆದುಹೋಗಲಿಲ್ಲ ಅನ್ನುವುದೊಂದೇ ಸಮಾಧಾನ.

ಓಡಿದ ಜನರೇಟರ್, ಬಾರದ ಕರೆಂಟ್

ತಾನಾಗಿ ಬದಲಾಗುವ ಪ್ಯಾನೆಲ್‌ನ ಕೆಲಸ ಮೂರು ಹೆಜ್ಜೆಯದು. ಲೈನ್ ಹೋಯಿತು ಅಂತ ಗೊತ್ತು ಮಾಡಿಕೊಳ್ಳುವುದು, ಇಂಜಿನ್‌ಗೆ ಸೆಲ್ಫ್ ಹೊಡೆಯುವುದು, ವೋಲ್ಟೇಜ್ ಸ್ಥಿರವಾದ ಮೇಲೆ ಜನರೇಟರ್ ಕಡೆಯ ಕಾಂಟ್ಯಾಕ್ಟರ್ (ಕಾಯಿಲ್ ಅಯಸ್ಕಾಂತವಾಗಿ ಎಳೆದು ಸೇರಿಸುವ ದೊಡ್ಡ ಸ್ವಿಚ್) ಎಳೆದು ಕಟ್ಟಡಕ್ಕೆ ಕರೆಂಟ್ ಕೊಡುವುದು. ಇಲ್ಲಿ ಮೊದಲೆರಡು ಸರಿಯಾಗಿ ಆಗಿದ್ದವು. ಮೂರನೆಯದು ಆಗಲಿಲ್ಲ. ಕಾಂಟ್ಯಾಕ್ಟರ್‌ನ ಕಾಯಿಲ್ ಸುಟ್ಟು ಕಪ್ಪಾಗಿತ್ತು.

ಯಾಕೆ ಸುಟ್ಟಿತು ಅನ್ನುವುದು ಕುತೂಹಲದ ವಿಷಯ. ಲೈನ್ ಕರೆಂಟ್ ವಾಪಸ್ ಬಂದರೂ ಅದನ್ನು ತಕ್ಷಣ ನಂಬದೆ ಸ್ವಲ್ಪ ಹೊತ್ತು ಕಾಯುವುದಕ್ಕೆ ಪ್ಯಾನೆಲ್‌ನಲ್ಲಿ ಒಂದು ಟೈಮರ್ ಇರುತ್ತದೆ. ಇಲ್ಲಿ ಅದನ್ನು ಸೊನ್ನೆಗೆ ತಿರುಗಿಸಿಟ್ಟಿದ್ದರು. ಕರೆಂಟ್ ಬಂದ ಕೂಡಲೇ ಲೈನ್‌ಗೆ ಹೋಗಲಿ, ಡೀಸೆಲ್ ಉಳಿಯಲಿ ಅಂತ. ದಿನನಿತ್ಯದ ಪವರ್ ಕಟ್‌ಗೆ ಅದರಿಂದ ತೊಂದರೆ ಇರಲಿಲ್ಲ. ಆದರೆ ಬಿರುಗಾಳಿ ಹೊತ್ತಿಗೆ ಕರೆಂಟ್ ಮಿಣಿಮಿಣಿ ಅಂದಾಗ ಕಾಂಟ್ಯಾಕ್ಟರ್ ಆ ಕಡೆ ಈ ಕಡೆ ಬಡಿದಾಡಿತು. ಪ್ರತಿ ಸಲ ಎಳೆಯುವಾಗಲೂ ಕಾಯಿಲ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಕುಡಿಯುತ್ತದೆ. ಕೊನೆಗೆ ಸುಟ್ಟಿತು. ನಿಜವಾಗಿ ಬೇಕಾದ ಹೊತ್ತಿಗೆ ಅದು ಇರಲಿಲ್ಲ.

ವಾರಕ್ಕೊಮ್ಮೆ ಜನರೇಟರ್ ಓಡಿಸಿ ನೋಡುವ ಪದ್ಧತಿ ಇತ್ತು. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ, ಲೋಡ್ ಇಲ್ಲದೆ. ಪುಸ್ತಕದಲ್ಲಿ ಸಹಿಯೂ ಇತ್ತು. ಅದರಿಂದ ಇಂಜಿನ್ ಚಾಲೂ ಆಗುತ್ತದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಟೈಮರ್ ಸರಿ ಇದೆಯಾ, ಕಾಂಟ್ಯಾಕ್ಟರ್ ಎಳೆಯುತ್ತದಾ, ಎಸಿಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ನಿಲ್ಲುತ್ತದಾ, ಇದು ಯಾವುದೂ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಡೀಸೆಲ್ ಇಂಜಿನ್ ಅನ್ನು ಪದೇ ಪದೇ ಖಾಲಿ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್ ಕಡೆ ಎಣ್ಣೆಮಸಿ ಕಟ್ಟುತ್ತದೆ. ಸಾಮರ್ಥ್ಯದ ಮೂರನೇ ಒಂದು ಭಾಗವಾದರೂ ಲೋಡ್ ಕೊಟ್ಟು ಓಡಿಸಬೇಕು.

ಮೀಟರ್‌ನಲ್ಲಿ ಕಾಣದ ಬ್ಯಾಟರಿ

ಒಂದನೇ ಯುಪಿಎಸ್‌ನ ಬ್ಯಾಟರಿ ಏಳು ನಿಮಿಷಕ್ಕೆ ಹೋದದ್ದು ಬ್ಯಾಂಕಿನ ಎಲೆಕ್ಟ್ರಿಷಿಯನ್‌ಗೆ ನಂಬಲಾಗಲಿಲ್ಲ. "ವೋಲ್ಟೇಜ್ ಎಲ್ಲಾ ಕರೆಕ್ಟ್ ಐತಲ್ರೀ ಸರ್" ಅಂತ ಅವರೇ ಮೀಟರ್ ಹಿಡಿದು ತೋರಿಸಿದರು. ಚಾರ್ಜ್ ಆಗುತ್ತಿರುವಾಗ ಇಪ್ಪತ್ತೂ ಬ್ಯಾಟರಿ 13.4ರಿಂದ 13.6 ವೋಲ್ಟ್ ಒಳಗೇ ಇದ್ದವು. ಒಳ್ಳೆಯ ಬ್ಯಾಟರಿಯೂ ಇಷ್ಟೇ ತೋರಿಸುತ್ತದೆ.

ಆಮೇಲೆ ಯುಪಿಎಸ್‌ನ ಇನ್‌ಪುಟ್ ತೆಗೆದು, ಬ್ಯಾಟರಿ ಮೇಲೆ ಲೋಡ್ ಇರುವಾಗ ಒಂದೊಂದಾಗಿ ಅಳೆದೆವು. ಹನ್ನೊಂದನೆಯ ಬ್ಯಾಟರಿ 13.4ರಿಂದ ನೋಡನೋಡುತ್ತಾ 7ಕ್ಕೆ ಕುಸಿಯಿತು. ಉಳಿದವು 12ರ ಮೇಲೇ ನಿಂತಿದ್ದವು. ಇಪ್ಪತ್ತು ಬ್ಯಾಟರಿ ಒಂದರ ಹಿಂದೆ ಒಂದು ಸರಣಿಯಲ್ಲಿ ಇರುವಾಗ ಒಂದು ಸತ್ತರೆ ಸಾಕು, ಹತ್ತೊಂಬತ್ತು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಸೀಲ್ ಮಾಡಿದ ಲೆಡ್ ಬ್ಯಾಟರಿಯ ಒಳಗಿನ ಸ್ಥಿತಿ ಬರೀ ವೋಲ್ಟೇಜ್‌ನಿಂದ ತಿಳಿಯುವುದಿಲ್ಲ. ಲೋಡ್ ಹಾಕಿ ನೋಡಬೇಕು, ಇಲ್ಲವೇ ಒಳ ಪ್ರತಿರೋಧ ಅಳೆಯುವ ಉಪಕರಣ ಬೇಕು.

ಬ್ಯಾಟರಿ ಇಟ್ಟದ್ದು ಮೆಟ್ಟಿಲ ಕೆಳಗಿನ ಜಾಗದಲ್ಲಿ. ಎಸಿ ಇಲ್ಲ, ಕಿಟಕಿ ಇಲ್ಲ. ಮಧ್ಯಾಹ್ನ ಅಲ್ಲಿ 37 ಡಿಗ್ರಿ. ಈ ಬ್ಯಾಟರಿಗಳ ಆಯಸ್ಸನ್ನು ಲೆಕ್ಕ ಹಾಕುವುದು 25 ಡಿಗ್ರಿಗೆ. ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಜಾಸ್ತಿಯಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಐದು ವರ್ಷ ಅಂತ ಲೆಕ್ಕ ಹಾಕಿ ಕೊಂಡದ್ದು ದಾವಣಗೆರೆ ಬಿಸಿಲಿಗೆ ಎರಡೂವರೆ ವರ್ಷಕ್ಕೆ ಮುಗಿದರೆ ಅದು ಕಳಪೆ ಮಾಲೇ ಆಗಬೇಕಿಲ್ಲ.

"ಮೂರು ತಗೊಂಡ್ರೆ ಆಗಲ್ವಾ?"

ಆಡಳಿತ ಮಂಡಳಿ ಸಭೆಯ ಮುಂದೆ ಆಗಲೇ ಒಂದು ಕೊಟೇಶನ್ ಇತ್ತು. ಮೂರನೇ ಯುಪಿಎಸ್, ಜೊತೆಗೆ ಇನ್ನೊಂದು ಬ್ಯಾಟರಿ ಸೆಟ್. ಹಿರಿಯ ನಿರ್ದೇಶಕರೊಬ್ಬರು ಕೇಳಿದರು: "ಅಲ್ಲಪಾ, ಎರಡು ಸಾಲ್ಲಿಲ್ಲ ಅಂದ್ರೆ ಮೂರು ತಗೊಂಡ್ರೆ ಆಗಲ್ವಾ?"

ಕೇಳಿದ್ದರಲ್ಲಿ ತಪ್ಪಿಲ್ಲ. ಎಲ್ಲರೂ ಹೀಗೆಯೇ ಯೋಚಿಸುತ್ತಾರೆ, ಯಂತ್ರ ಎಷ್ಟಿದೆ ಅಂತ ಎಣಿಸುತ್ತಾರೆ. ಆದರೆ ಇಲ್ಲಿ ಎಣಿಸಬೇಕಾದದ್ದು ದಾರಿಗಳನ್ನು. ಎರಡು ಹಸು ಇವೆ ಅಂತ ನೆಮ್ಮದಿಯಿಂದ ಮಲಗಬಹುದು, ಆದರೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರೆ ಗೂಟ ಕಿತ್ತ ರಾತ್ರಿ ಎರಡೂ ಹೋಗುತ್ತವೆ.

ಆ ಗೂಟಗಳನ್ನು ಹುಡುಕಲು ನಾನು ಟ್ರಾನ್ಸ್‌ಫಾರ್ಮರ್ ಕಡೆಯಿಂದ ಶುರು ಮಾಡುವುದಿಲ್ಲ. ಸರ್ವರ್‌ನ ಪ್ಲಗ್‌ನಿಂದ ಹಿಂದಕ್ಕೆ ಹೋಗುತ್ತೇನೆ. ಒಂದು ಹಾಳೆ, ಪೆನ್ಸಿಲ್. ಈ ವಯರ್ ಎಲ್ಲಿಂದ ಬಂತು, ಅದಕ್ಕೂ ಹಿಂದೆ ಏನಿದೆ, ಇದು ಹೋದರೆ ಏನೇನು ಹೋಗುತ್ತದೆ. ಪ್ರತಿ ಡಬ್ಬಿಯ ಮುಂದೆ ನಿಂತು ಇದನ್ನೇ ಕೇಳಬೇಕು. ಮುಂದಿನಿಂದ ಬಂದರೆ ನಕ್ಷೆಯಲ್ಲಿ ಬರೆದದ್ದು ಕಾಣುತ್ತದೆ. ಹಿಂದಿನಿಂದ ಹೋದರೆ ನಿಜವಾಗಿ ಎಳೆದ ವಯರ್ ಕಾಣುತ್ತದೆ.

ಸಿಕ್ಕಿದ್ದು ಇಷ್ಟು. ಎರಡೂ ಯುಪಿಎಸ್‌ಗೆ ಕರೆಂಟ್ ಬರುತ್ತಿದ್ದದ್ದು ಒಂದೇ ಬದಲಾವಣೆ ಪ್ಯಾನೆಲ್‌ನಿಂದ, ಅಂದರೆ ಆ ಸುಟ್ಟ ಕಾಂಟ್ಯಾಕ್ಟರ್‌ನಿಂದ. ಎರಡರ ಔಟ್‌ಪುಟ್ ಹೋಗಿ ಸೇರುತ್ತಿದ್ದದ್ದು ಒಂದೇ ಡಿಸ್ಟ್ರಿಬ್ಯೂಷನ್ ಬೋರ್ಡ್‌ಗೆ, ಅದರ ಒಂದೇ ಬ್ರೇಕರ್‌ಗೆ. ಸರ್ವರ್‌ಗಳಿಗೆ ಎರಡೆರಡು ಪವರ್ ಕಾರ್ಡ್ ಇದ್ದವು. ಆದರೆ ಬಹಳಷ್ಟು ಕಡೆ ಎರಡೂ ಕಾರ್ಡ್ ಒಂದೇ ಪವರ್ ಸ್ಟ್ರಿಪ್‌ಗೆ ಚುಚ್ಚಿದ್ದರು. ಎಲ್ಲ ಶಾಖೆಗಳ ಲೈನ್ ಬಂದು ಸೇರುವ, ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ಗೆ ಇದ್ದದ್ದೇ ಒಂದು ಕಾರ್ಡ್. ಇಂಥ ಚಿಕ್ಕದನ್ನು ಚಿಕ್ಕದು ಅನ್ನಬಾರದು. 2016ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಡೆಲ್ಟಾ ಏರ್‌ಲೈನ್ಸ್‌ನ ಡೇಟಾ ಸೆಂಟರ್‌ಗೆ ಕರೆಂಟ್ ಹೋದಾಗ ಸುಮಾರು 7,000 ಸರ್ವರ್‌ಗಳಲ್ಲಿ 300ರಷ್ಟಕ್ಕೆ ಬ್ಯಾಕಪ್ ವಿದ್ಯುತ್ತಿನ ಸಂಪರ್ಕವೇ ಇರಲಿಲ್ಲ. ಅಷ್ಟಕ್ಕೇ ಸಾವಿರಾರು ವಿಮಾನ ಹಾರಾಟ ರದ್ದಾದವು.

ಇನ್ನು ಎಸಿ. ಅದು ಯುಪಿಎಸ್ ಮೇಲೆ ಇರಲಿಲ್ಲ, ಕರೆಂಟ್ ಹೋದ ಕೂಡಲೇ ನಿಂತಿತ್ತು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಸರ್ವರ್‌ಗಳ ತಾಪದ ದಾಖಲೆ ತೆಗೆದಾಗ ಗೊತ್ತಾಯಿತು: 7:15ರ ಹೊತ್ತಿಗೆ ಅವುಗಳ ಮುಂಭಾಗದ ಗಾಳಿ 40 ಡಿಗ್ರಿ ದಾಟಿತ್ತು. ಎರಡು ಸರ್ವರ್ ಬಿಸಿ ತಾಳದೆ ತಾವಾಗಿಯೇ ಆಫ್ ಆಗಿದ್ದವು. ಆಗ ಎರಡನೇ ಯುಪಿಎಸ್ ಇನ್ನೂ ಗಟ್ಟಿಯಾಗಿಯೇ ಇತ್ತು! 9.2 ಕಿಲೋವ್ಯಾಟ್ ಅಂದರೆ ಅಷ್ಟೂ ಕೊನೆಗೆ ಬಿಸಿಯೇ. ಆ ರೂಮಿನ ಗಾಳಿ ಸುಮಾರು 60 ಘನ ಮೀಟರ್. ಗಾಳಿಯೊಂದನ್ನೇ ಲೆಕ್ಕ ಹಿಡಿದರೆ ಎಂಟು ಸೆಕೆಂಡಿಗೆ ಒಂದು ಡಿಗ್ರಿ ಏರಬೇಕು. ಗೋಡೆ, ಕಬ್ಬಿಣ ಸ್ವಲ್ಪ ಹೀರಿಕೊಳ್ಳುತ್ತವೆ, ಹಾಗಾಗಿ ಅಷ್ಟು ಬೇಗ ಏರುವುದಿಲ್ಲ. ಆದರೂ ಎಸಿ ಇಲ್ಲದ ಅರ್ಧ ಗಂಟೆ ಸರ್ವರ್‌ಗೆ ಬಹಳ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಒಳಗಿರಲಿ ಅನ್ನುವುದು ಎಸಿ ಎಂಜಿನಿಯರ್‌ಗಳ ಅಮೆರಿಕದ ಸಂಘವಾದ ಆಶ್ರೇಯ ಶಿಫಾರಸು.

ಹಾಗಾದರೆ ಬ್ಯಾಟರಿ ಹೊತ್ತನ್ನು ಇನ್ನೊಂದು ಗಂಟೆ ಏರಿಸಿ ಏನು ಮಾಡುವುದು? ಎಸಿ ನಿಂತ ಮೇಲಿನ ಬ್ಯಾಟರಿ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಆ ರೂಮಿಗೆ ಬೇಕಾದ ತಂಪು 2.6 ಟನ್. ಇದ್ದದ್ದು 2 ಟನ್ನಿನ ಎರಡು ಎಸಿ. ಒಂದು ಕೆಟ್ಟರೆ ಇನ್ನೊಂದು ಸಾಲುವುದಿಲ್ಲ. ಮೂರನೆಯದು ಬೇಕಾದದ್ದು ಯುಪಿಎಸ್ ಅಲ್ಲ, ಎಸಿ. ಇದನ್ನು ಹೇಳಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ವಾದ ನಡೆಯಿತು. ತಾಪದ ದಾಖಲೆಯನ್ನು ಮುದ್ರಿಸಿ ಮುಂದಿಟ್ಟ ಮೇಲೆ ಕೊಟೇಶನ್ ಪಕ್ಕಕ್ಕೆ ಸರಿಯಿತು.

ಮಾಡಿದ ಬದಲಾವಣೆ

ಎರಡು ಯುಪಿಎಸ್‌ಗಳನ್ನು ಜೋಡಿಸಿದ್ದನ್ನು ಬಿಡಿಸಿದೆವು. ಈಗ ಎರಡು ಬೇರೆ ಬೇರೆ ದಾರಿ. ಮೀಟರ್ ಬೋರ್ಡ್‌ನಿಂದಲೇ ಎರಡು ಕೇಬಲ್, ಒಂದು ಮುಂದಿನ ಗೋಡೆಯಲ್ಲಿ, ಇನ್ನೊಂದು ಹಿತ್ತಲ ಗೋಡೆಯಲ್ಲಿ. ಪ್ರತಿ ದಾರಿಗೂ ತನ್ನದೇ ಬದಲಾವಣೆ ಪ್ಯಾನೆಲ್, ತನ್ನದೇ ಯುಪಿಎಸ್, ತನ್ನದೇ ಬೋರ್ಡ್, ರ‍್ಯಾಕ್‌ನಲ್ಲಿ ತನ್ನದೇ ಸ್ಟ್ರಿಪ್. ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ನೀಲಿ ಟೇಪ್, ಪ್ಲಗ್‌ನಿಂದ ಪ್ಯಾನೆಲ್‌ವರೆಗೆ. ಸರ್ವರ್‌ನ ಒಂದು ಕಾರ್ಡ್ ಕೆಂಪಿಗೆ, ಒಂದು ನೀಲಿಗೆ. ಹೊಸ ಹುಡುಗ ಬಂದರೂ ತಪ್ಪು ಕಣ್ಣಿಗೆ ಕಾಣುತ್ತದೆ. ಒಂದೇ ಕಾರ್ಡ್ ಇರುವ ಫೈರ್‌ವಾಲ್‌ಗೆ, ಎರಡೂ ಕಡೆಯಿಂದ ಕರೆಂಟ್ ತೆಗೆದುಕೊಂಡು ಕೆಲವೇ ಮಿಲಿಸೆಕೆಂಡ್‌ನಲ್ಲಿ ಬದಲಾಗುವ ಚಿಕ್ಕ ಸ್ವಿಚ್ ಹಾಕಿದೆವು.

ಒಂದು ನಿಯಮ ಮಾತ್ರ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ. ಯಾವ ಯುಪಿಎಸ್‌ನ ಲೋಡ್ ಕೂಡ 40 ಶೇಕಡಾ ದಾಟಬಾರದು. ಈಗ ಎರಡೂ 25ರ ಆಸುಪಾಸು ತೋರಿಸುತ್ತವೆ. ಇಷ್ಟೊಂದು ಜಾಗ ಖಾಲಿ ಇದೆಯಲ್ಲ ಅಂತ ಯಾರಾದರೂ ಹೊಸ ಸರ್ವರ್ ಸೇರಿಸುತ್ತಲೇ ಹೋಗುತ್ತಾರೆ. ಎರಡೂ 60 ತಲುಪಿದ ದಿನ ಒಂದು ಕೆಟ್ಟರೆ ಇನ್ನೊಂದರ ಮೇಲೆ 120 ಬೀಳುತ್ತದೆ, ಅದೂ ಬೀಳುತ್ತದೆ. ಖಾಲಿ ಕಾಣುವ ಆ ಜಾಗವೇ ಬ್ಯಾಕಪ್.

ಬ್ಯಾಟರಿಗಳನ್ನು ಎಸಿ ಇರುವ ಜಾಗಕ್ಕೆ ತಂದು, ಪ್ರತಿ ಯುಪಿಎಸ್‌ಗೂ ದೊಡ್ಡದೊಂದು ಸಾಲಿನ ಬದಲು ಚಿಕ್ಕ ಬ್ಯಾಟರಿಗಳ ಎರಡು ಸಾಲು ಮಾಡಿದೆವು. ಒಂದು ಸಾಲಿನಲ್ಲಿ ಒಂದು ಸತ್ತರೂ ಇನ್ನೊಂದು ಸಾಲು ಇರುತ್ತದೆ. ಗುರಿ ಈಗ ಗಂಟೆಗಟ್ಟಲೆ ಬ್ಯಾಟರಿಯಲ್ಲ. ಜನರೇಟರ್ ಹದಿನೈದು ಸೆಕೆಂಡ್ ಒಳಗೆ ಬರುತ್ತದೆ. ಬರದಿದ್ದರೆ ವಾಚ್‌ಮನ್ ಕೈಯಿಂದ ಸ್ವಿಚ್ ತಿರುಗಿಸಲು ಹೊತ್ತು ಬೇಕು. ಅದೂ ಆಗದಿದ್ದರೆ ಡೇಟಾಬೇಸ್ ಸರಿಯಾಗಿ ಮುಚ್ಚಿ ಸರ್ವರ್ ತಾನಾಗಿ ಆಫ್ ಆಗಬೇಕು. ಇದನ್ನೆಲ್ಲ ಯುಪಿಎಸ್ಸೇ ಸರ್ವರ್‌ಗೆ ಹೇಳುವ ಹಾಗೆ ಹೊಂದಿಸಿದ್ದೇವೆ. ಆ ರಾತ್ರಿ ಇಷ್ಟು ಇದ್ದಿದ್ದರೂ ಮರುದಿನ ಹತ್ತೂವರೆಗೆ ಕೌಂಟರ್ ತೆರೆಯುತ್ತಿತ್ತು.

ಪ್ಯಾನೆಲ್ ಪಕ್ಕ ಕೈಯಿಂದ ತಿರುಗಿಸುವ ಚೇಂಜ್‌ಓವರ್ ಸ್ವಿಚ್, ವಾಚ್‌ಮನ್ ಕೋಣೆಯಲ್ಲಿ ಒಂದು ಹೂಟರ್. ಯುಪಿಎಸ್ ಎರಡು ನಿಮಿಷಕ್ಕಿಂತ ಜಾಸ್ತಿ ಬ್ಯಾಟರಿ ಮೇಲಿದ್ದರೆ ಅದು ಕೂಗುತ್ತದೆ. ಏನು ಮಾಡಬೇಕು ಅಂತ ನಾಲ್ಕು ಚಿತ್ರಗಳಲ್ಲಿ, ಕನ್ನಡದಲ್ಲಿ ಬರೆದು ಅಂಟಿಸಿದೆವು. ಕಾಯುವ ಟೈಮರ್ ಈಗ ಮೂರು ನಿಮಿಷಕ್ಕೆ ನಿಂತಿದೆ, ಮುಚ್ಚಳಕ್ಕೆ ಸೀಲ್ ಇದೆ.

ನಿರ್ದೇಶಕರೊಬ್ಬರು "ಇದು ಟಿಯರ್ 3 ಆಗುತ್ತಾ?" ಅಂತ ಕೇಳಿದರು. ಆಗುವುದಿಲ್ಲ. ಡೇಟಾ ಸೆಂಟರ್‌ಗಳಿಗೆ ದರ್ಜೆ ಕೊಡುವ ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ ವರ್ಗೀಕರಣದಲ್ಲಿ ಟಿಯರ್ 3 ಅಂದರೆ ಯಾವ ಭಾಗವನ್ನೇ ರಿಪೇರಿಗೆ ತೆಗೆದರೂ ಸರ್ವರ್ ನಿಲ್ಲಬಾರದು. ಟಿಯರ್ 4 ಅಂದರೆ ಯಾವುದೋ ಒಂದು ಹೇಳದೆ ಕೇಳದೆ ಕೆಟ್ಟರೂ ನಿಲ್ಲಬಾರದು. ಅವರ ಲೆಕ್ಕದಲ್ಲಿ ಜನರೇಟರ್ರೇ ಮುಖ್ಯ ವಿದ್ಯುತ್, ಲೈನ್ ಕರೆಂಟ್ ಬರೀ ಖರ್ಚು ಉಳಿಸುವ ಅನುಕೂಲ. ಒಂದೇ ಜನರೇಟರ್ ಇರುವ ನಮಗೆ ಆ ದರ್ಜೆ ಸಿಗದು. ಆದರೆ ಆ ಯೋಚನೆ ನನಗೆ ತುಂಬಾ ಹಿಡಿಸುತ್ತದೆ. ಲೈನ್ ಇಲ್ಲ ಅಂತಲೇ ಲೆಕ್ಕ ಹಾಕಿ, ಇದ್ದರೆ ಲಾಭ ಅಂದುಕೊಳ್ಳುವುದು ನಮ್ಮ ಊರುಗಳಿಗೆ ಹೇಳಿ ಮಾಡಿಸಿದ್ದು.

ಡೀಸೆಲ್ ವಿಷಯ ಸುಲಭವಾಗಿ ಮುಗಿಯಿತು. ಎಸಿ ಎಲ್ಲ ಸೇರಿ ಜನರೇಟರ್ ಮೇಲೆ ಸುಮಾರು 20 ಕಿಲೋವ್ಯಾಟ್. ಗಂಟೆಗೆ ಹತ್ತಿರ ಹತ್ತಿರ 6 ಲೀಟರ್. ಟ್ಯಾಂಕ್ 120 ಲೀಟರಿನದು. 80ಕ್ಕಿಂತ ಕೆಳಗೆ ಇಳಿಯಬಾರದು ಅಂತ ಗೆರೆ ಹಾಕಿದೆವು, ಅಂದರೆ ಯಾವಾಗಲೂ 12 ಗಂಟೆಗೆ ಕಡಿಮೆಯಿಲ್ಲ. ಇನ್ನೂ ಜಾಸ್ತಿ ಇಡಬೇಕೆಂದರೆ ಪಾತ್ರೆ ಪಾತ್ರೆಗೆ 1,000 ಲೀಟರ್ ಮೀರದೆ ಒಟ್ಟು 2,500 ಲೀಟರ್‌ವರೆಗೆ ಪರವಾನಗಿ ಇಲ್ಲದೆ ಡೀಸೆಲ್ ಇಡಲು ಪೆಟ್ರೋಲಿಯಂ ಕಾಯ್ದೆ ಬಿಡುತ್ತದೆ. ಇಲ್ಲಿ ಅದು ಬೇಕಾಗಲಿಲ್ಲ.

ಪರೀಕ್ಷೆ

ಎರಡನೇ ಶನಿವಾರ, ಬ್ಯಾಂಕ್ ರಜೆ. ಜನರೇಟರ್‌ನ ಟೆಸ್ಟ್ ಬಟನ್ ಮುಟ್ಟಲಿಲ್ಲ. ಮೀಟರ್ ಬೋರ್ಡ್‌ನ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದೆವು. ಇಂಜಿನ್ ಬಂತು, ಎರಡೂ ಪ್ಯಾನೆಲ್ ಬದಲಾದವು, ಸರ್ವರ್ ಅಲುಗಾಡಲಿಲ್ಲ. ಎಲ್ಲರೂ ಕೈಕುಲುಕಿದರು. ಹತ್ತು ನಿಮಿಷ ಆದ ಮೇಲೆ ರೂಮ್ ಬಿಸಿಯಾಗತೊಡಗಿತು. ಹಳೆಯ ಎರಡು ಎಸಿಗಳಲ್ಲಿ ಒಂದು, ಕರೆಂಟ್ ಹೋಗಿ ಬಂದ ಮೇಲೆ ರಿಮೋಟ್ ಒತ್ತುವವರೆಗೆ ಸುಮ್ನೆ ಕೂರುತ್ತದೆ. ಇನ್ನೊಂದರ ಕಂಪ್ರೆಸರ್ ತಡವಾಗಿ ಹೊರಟಿತು. ಮನೆಗೆ ಅಂತ ಮಾಡಿದ ಎಸಿಗಳಲ್ಲಿ ಇದು ಸಾಮಾನ್ಯ, ಆದರೆ ಸರ್ವರ್ ರೂಮಿಗೆ ಅಪಾಯ. ತಾನಾಗಿ ಮತ್ತೆ ಶುರುವಾಗುವ ವ್ಯವಸ್ಥೆ ಹಾಕಿಸಿ, ಮೂರೂ ಎಸಿ ಒಂದಾದ ಮೇಲೊಂದು ಹೊರಡುವ ಹಾಗೆ ಟೈಮರ್ ಕೊಟ್ಟು, ಮತ್ತೆ ಮೇನ್ ಎಳೆದಾಗ ತಾಪ 26 ಡಿಗ್ರಿ ದಾಟಲಿಲ್ಲ. ಈಗ ತಿಂಗಳಿಗೊಮ್ಮೆ ಹೀಗೇ ನಡೆಯುತ್ತದೆ. ಮೇನ್ ಎಳೆಯುವುದು ವಾಚ್‌ಮನ್ ಕೆಲಸ. ಕೈಯಿಂದ ಚೇಂಜ್‌ಓವರ್ ಮಾಡುವುದನ್ನೂ ಪ್ರತಿ ಸಲ ಅವರೇ ಮಾಡಿ ತೋರಿಸುತ್ತಾರೆ.

ಉಳಿದ ಎರಡು ವಿಷಯ

ಕಟ್ಟಡಕ್ಕೇ ಏನಾದರೂ ಆದರೆ? 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡ ಸುಟ್ಟಾಗ, ಬ್ಯಾಕಪ್ ಪ್ರತಿಯನ್ನೂ ಅದೇ ಕಟ್ಟಡದಲ್ಲಿ ಇಟ್ಟಿದ್ದ ಗ್ರಾಹಕರು ಡೇಟಾವನ್ನೆಲ್ಲ ಕಳೆದುಕೊಂಡರು. ಅದಕ್ಕೆ ಇಲ್ಲಿನ ಡೇಟಾದ ಒಂದು ಪ್ರತಿ ಈಗ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗ ಶಾಖೆಗೆ ಹೋಗುತ್ತದೆ. ಎರಡು ಬೇರೆ ಕಂಪನಿಗಳ ಫೈಬರ್ ಇದೆ. ಆದರೆ ಎರಡೂ ರಾಷ್ಟ್ರೀಯ ಹೆದ್ದಾರಿ 48ರ ಒಂದೇ ಬದಿಯಲ್ಲಿ ಹೋಗುತ್ತವೆ. ಒಂದು ಜೆಸಿಬಿ ಸಾಕು ಎರಡನ್ನೂ ಕಡಿಯಲು. ಒಂದನ್ನು ಬೇರೆ ದಾರಿಯಲ್ಲಿ ತರುವ ಮಾತು ನಡೆದಿದೆ.

ಇನ್ನೊಂದು, ಎರಡನೇ ಜನರೇಟರ್. ಇಷ್ಟು ಚಿಕ್ಕ ರೂಮಿಗೆ ಅದು ಬೇಡ ಅಂತ ಮಂಡಳಿ ತೀರ್ಮಾನಿಸಿತು. ನನಗೂ ಅದು ಸರಿ ಅನ್ನಿಸಿತು. ಬದಲಿಗೆ ಹೊರಗೋಡೆಯಲ್ಲಿ ಒಂದು ಟರ್ಮಿನಲ್ ಡಬ್ಬಿ ಇಟ್ಟು, ಬಾಡಿಗೆ ಜನರೇಟರ್ ತಂದು ಅಲ್ಲಿಗೆ ಕೇಬಲ್ ಕಟ್ಟುವ ಹಾಗೆ ಮಾಡಿದೆವು. ಮದುವೆ, ಸಭೆ, ಸಮಾರಂಭಕ್ಕೆ ಲಾರಿಯಲ್ಲಿ ಜನರೇಟರ್ ತಂದು ಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಹತ್ತಿರ ಕರಾರೂ ಆಯಿತು, ಕರೆದ ಮೂರು ಗಂಟೆ ಒಳಗೆ ಬರಬೇಕು ಅಂತ.

ಆಗ ವಾಚ್‌ಮನ್ ಒಂದು ಮಾತು ಹೇಳಿದರು. "ಸರ್, ದುಗ್ಗಮ್ಮನ ಜಾತ್ರೆ ಟೈಮಲ್ಲಿ ಯಾರ ಹತ್ರಾನೂ ಜನರೇಟರ್ ಸಿಗಲ್ಲ." ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಊರಿಗೆ ಊರೇ ಬೆಳಕು, ಪೆಂಡಾಲು, ಮೈಕು. ಮಳೆ ಗಾಳಿ ಶುರುವಾಗುವ ಏಪ್ರಿಲ್, ಮೇ ಮದುವೆ ತಿಂಗಳೂ ಹೌದು. ನಮಗೆ ಜನರೇಟರ್ ಬೇಕಾಗುವ ದಿನವೇ ಊರಿಗೆಲ್ಲ ಬೇಕಾಗಿರುತ್ತದೆ. ಅಲ್ಲೂ ಎರಡು ದಾರಿ ಒಂದೇ ಕಡೆ ಸೇರುತ್ತಿದ್ದವು. ಮುಂದಿನ ಸಭೆಯಲ್ಲಿ ಠರಾವು ಆಯಿತು: ಜಾತ್ರೆಯ ವಾರಕ್ಕೆ ಮತ್ತು ಏಪ್ರಿಲ್, ಮೇ ತಿಂಗಳಿಗೆ ಹರಿಹರದ ಒಬ್ಬರಿಗೆ ಮುಂಗಡ ಕೊಟ್ಟು ಒಂದು ಜನರೇಟರ್ ಕಾದಿರಿಸುವುದು, ಪ್ರತಿ ವರ್ಷ ಜನವರಿಯ ಮಂಡಳಿ ಸಭೆಯಲ್ಲಿ ಆ ಕರಾರನ್ನು ನವೀಕರಿಸುವುದು.